ದೋಣಿಗಿಟ್ಟ ಹೆಸರು

ಮಗ ದೋಣಿಗೆ ಅಪ್ಪನ ಹೆಸರಿಟ್ಟಿದ್ದೇ ಶಿವಲಿಂಗಮ್ಮನಿಗೆ ಪೀಕಲಾಟವಾಯಿತು. ಹೇಳುವುದಕ್ಕೆ ನಮಗೇನೂ ಅಡ್ಡಿಯಿಲ್ಲ: ನಿಂಗಪ್ಪ. ಬಿಳಿಯ ಹಾಯಿದೋಣಿಯ ಹಿಂಬದಿಗೆ ನೀಲಿ ಬಣ್ಣದಲ್ಲಿ, ಒಂದೊಂದು ಇಂಗ್ಲಿಷ್ ಅಕ್ಷರವೂ ಗೇಣುದ್ದ, ಅದರ ಕೆಳಗೆ ಸಣ್ಣದಾಗಿ ದೋಣಿಯ ಊರು, ಶಿಕಾಗೋ. ಬೆಳಿಗ್ಗೆ ಸೌತ್ ಹೇವನ್ ಊರಿನಲ್ಲಿ ದೋಣಿ ಕಟ್ಟುವ ದಕ್ಕೆಯ ಮೇಲೆ ನಾಯಿ ಹಿಡಿದುಕೊಂಡು ಹೋಗುತ್ತಿದ್ದವನೊಬ್ಬ ಅದನ್ನು ‘ನಿನ್‌ಗಾಪಾ’ ಎಂದು ಗಟ್ಟಿಯಾಗಿ ಓದಿ, ಹೆಸರು ಚೆನ್ನಾಗಿದೆ ಎಂದು ಹೆಬ್ಬೆರಳೆತ್ತಿ ಹೋದ. ಅವನು ಹೇಳಬಹುದು, ಅವನ ನಾಯಿಗೆ ಮಾತು ಬಂದಿದ್ದರೆ ಅದೂ ಹೇಳಬಹುದಿತ್ತು. ಶಿವಲಿಂಗಮ್ಮ ಹೇಳುವಂತಿಲ್ಲ. ಸೌತ್‌ಫೀಲ್ಡಿನಲ್ಲಿ ಮೂವತ್ತೈದು ವರ್ಷ ಬಾಳಿದವಳು, ಹಿಮ ಬಿದ್ದ ಹೈವೇಯಲ್ಲಿ ಒಬ್ಬಳೇ ಕಾರು ಓಡಿಸಿಕೊಂಡು ಲ್ಯಾಬಿನ ಕೆಲಸಕ್ಕೆ ಹೋಗಿ ಬಂದವಳು, ಮೇಲಿನವರ ಜತೆ ಜಗಳವಾಡಿ ಎರಡು ಸಲ ಬಡ್ತಿ ತೆಗೆದುಕೊಂಡವಳು. ಆದರೆ ನಲವತ್ತೊಂದು ವರ್ಷದ ಸಂಸಾರದಲ್ಲಿ ಗಂಡನ ಹೆಸರನ್ನು ಬರಿಬಾಯಲ್ಲಿ ಒಮ್ಮೆಯೂ ಅಂದವಳಲ್ಲ. ಒಡಪು ಕಟ್ಟಿ ಹೇಳಿದರೆ ಅದು ಬೇರೆ ಮಾತು. ಮದುವೆಯ ದಿನ ಬಾಗಿಲು ಅಡ್ಡಗಟ್ಟಿದ ನಾದಿನಿಯರ ಮುಂದೆ ‘ಹಂದರದ ಕಂಬಕ್ಕ ಹಸಿರು ತೋರಣ, ನಿಂಗಪ್ಪನವರ ಹೆಸರು ಹೇಳಾಕ ನೀವೆಲ್ಲಾ ಕಾರಣ’ ಎಂದು ರಾಗವಾಗಿ ಹೇಳಿ ಒಳಗೆ ಹೋಗಿದ್ದಳು. ಪ್ರಾಸದ ಸೆರಗು ಹೊದ್ದು ಬಂದ ಹೆಸರಿಗೆ ದೋಷವಿಲ್ಲ. ಬರಿ ಹೆಸರು ಹೇಳಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಬಾಗಲಕೋಟೆಯ ಮನೆಯಲ್ಲಿ ಅವಳವ್ವ ಹೇಳುತ್ತಿದ್ದಳು. ಅದನ್ನು ಶಿವಲಿಂಗಮ್ಮ ನಂಬುವುದಿಲ್ಲ. ನಂಬುವುದಿಲ್ಲವೆಂದು ಹೇಳಿ ತೋರಿಸುವ ಧೈರ್ಯವೂ ಅವಳಿಗಿಲ್ಲ.

ಮಗ ಸುಶಾಂತ ಇರುವುದು ಶಿಕಾಗೋ ಹತ್ತಿರದ ವುಡ್‌ರಿಡ್ಜಿನಲ್ಲಿ. ಅಪ್ಪನಿಗೆ ಎಪ್ಪತ್ತು ತುಂಬಿದ ನೆಪಕ್ಕೆ, ಯಾರೋ ಓಡಿಸಿ ಬೇಸತ್ತ ದೋಣಿಯೊಂದನ್ನು ಕೊಂಡು, ಹೆಂಡತಿ ಮಾಳವಿಕಾಳನ್ನೂ ಒಂಬತ್ತು ವರ್ಷದ ಮಗಳು ಸಿಯಾಳನ್ನೂ ಕೂರಿಸಿಕೊಂಡು ಎರಡು ದಿನ ಮುಂಚೆ ಸರೋವರ ದಾಟಿ ಸೌತ್ ಹೇವನ್ನಿಗೆ ಬಂದಿದ್ದ. ಅಪ್ಪ ಅವ್ವ ಸೌತ್‌ಫೀಲ್ಡಿನಿಂದ ಮೂರು ತಾಸು ಡ್ರೈವ್ ಮಾಡಿಕೊಂಡು ಬಂದು ಅವರನ್ನು ಕೂಡಿಕೊಂಡಿದ್ದರು. ಹೆಸರು ಕಂಡಾಗ ನಿಂಗಪ್ಪನವರಿಗೆ ನಾಚಿಕೆಯೋ ನಾಚಿಕೆ. “ದೋಣಿಗೆ ಹೆಣ್ಣಿನ ಹೆಸರಿಡ್ತಾರಂತಲ್ಲೋ ಇಲ್ಲಿ. ನಿಮ್ಮವ್ವಂದು ಇಡಬೇಕಿತ್ತು,” ಎಂದರು. “ಅವ್ವನ ಹೆಸರು ಭಾಳ ಲಾಂಗ್ ಆಗ್ತಿತ್ತಪ್ಪ, ಬೋಟ್ ಸಾಲ್ತಿರ್ಲಿಲ್ಲ,” ಎಂದ ಮಗ. ಎಲ್ಲರೂ ನಕ್ಕರು, ಶಿವಲಿಂಗಮ್ಮನೂ ನಕ್ಕಳು. ಆಮೇಲೆ ನಿಂಗಪ್ಪನವರು ಯಾರೂ ನೋಡುತ್ತಿಲ್ಲವೆಂದುಕೊಂಡು ಆ ನೀಲಿ ಅಕ್ಷರಗಳ ಮೇಲೆ ಬೆರಳಾಡಿಸಿದ್ದನ್ನು ಅವಳು ನೋಡಿದ್ದಳು.

ಉತ್ತರಕ್ಕೆ ಹದಿನೈದು ಮೈಲಿ ಹೋದರೆ ದಂಡೆಯ ಮೇಲೊಂದು ಹಳೆಯ ಕ್ಯಾಸಲ್ ಇದೆ, ಅದನ್ನು ನೋಡಿಕೊಂಡು ಸಂಜೆಯೊಳಗೆ ಹಿಂದಿರುಗುವುದು ಅಂದಿನ ಲೆಕ್ಕಾಚಾರ. ಗಾಳಿ ಒಲಿದಿತ್ತು. ಫ್ಯಾರನ್‌ಹೀಟಿನ ಎಪ್ಪತ್ತೆಂಟು ಡಿಗ್ರಿಯ ಹಿತವಾದ ಬಿಸಿಲು, ನೀರಿನ ಮೇಲೆಲ್ಲ ಬೆಳಕಿನ ಚೂರು. ಇಷ್ಟು ದೊಡ್ಡ ನೀರಿಗೆ ಶಿವಲಿಂಗಮ್ಮ ಸಮುದ್ರವೆಂದೇ ಅನ್ನುವಳು. “ಇಟ್ಸ್ ಎ ಲೇಕ್, ಅಜ್ಜಿ,” ಎಂದು ಸಿಯಾ ಪ್ರತಿಸಲ ತಿದ್ದುವಳು. “ಆಚಿ ದಂಡಿ ಕಾಣ್ತದೇನು? ಇಲ್ಲಲ್ಲ? ಹಂಗಾರ ಸಮುದ್ರನ.” ಚುಕ್ಕಾಣಿ ಹಿಡಿದು ನಿಂತಿದ್ದ ಮಗ ಗಾಳಿಯ ಕಡೆ ನೋಡುತ್ತ ಏನೋ ಕೂಗಿದ, ಮೈಸೂರಿನ ಸೊಸೆ ಅದಕ್ಕಿಂತ ಗಟ್ಟಿಯಾಗಿ, “ಲೋ ಸುಶಾಂತ್, ಯಾವ ಹಗ್ಗ ಅಂತ ಸರಿಯಾಗ್ ಹೇಳೋ, ಇಲ್ಲಿ ನಾಕ್ ಹಗ್ಗ ಇದೆ!” ಎಂದು ಕೂಗಿದಳು. ಮದುವೆಯಾದ ಹೊಸತರಲ್ಲಿ ಈ ‘ಲೋ’ ಕೇಳಿದಾಗ ಶಿವಲಿಂಗಮ್ಮನ ಕೈಯಿಂದ ಸೌಟು ಜಾರಿ ಸಾರಿನೊಳಗೆ ಬಿದ್ದಿತ್ತು. ಈಗ ಕಿವಿಗೆ ರೂಢಿಯಾಗಿದೆ. ರೂಢಿಯಾಗಿದೆ ಎನ್ನುವುದಕ್ಕಿಂತ, ಒಳಗೊಳಗೇ ಹೊಟ್ಟೆಕಿಚ್ಚಾಗಿದೆ. ಲೋ ಎಂದು ಕರೆಸಿಕೊಂಡ ಅವನ ಆಯುಷ್ಯವೇನೂ ಕಡಿಮೆಯಾಗಿಲ್ಲ, ಹೊಟ್ಟೆಯೊಂದು ಜಾಸ್ತಿಯಾಗಿದೆ.

ಬಂದರು ಕಾಣಿಸುತ್ತಿದ್ದಂತೆ ಮಗ ಒಬ್ಬೊಬ್ಬರಿಗೆ ಒಂದೊಂದು ಕೆಲಸ ಹಂಚಿದ. ಹಾಯಿ ಇಳಿಸುವುದು ಮಾಳವಿಕಾಳದು. ಅಪ್ಪ ಮುಂದುಗಡೆ ಹಗ್ಗ ಹಿಡಿದು ಕೂರಬೇಕು. “ಅವ್ವಾ, ನೀ ರೇಡಿಯೋ ತಗೊ. ಹಾರ್ಬರ್‌ನವರಿಗೆ ಕಾಲ್ ಮಾಡಿ ಬೋಟ್ ಕಟ್ಟಾಕ ಜಾಗ ಐತೇನು ಕೇಳು. ಮೊದಲ ಬೋಟಿನ ಹೆಸರು ಹೇಳಬೇಕು, ಮೂರು ಸಲ.”

“ಮೂರು ಸಲ?”

“ಹೂಂ, ಕ್ಲಿಯರ್ ಆಗಿ.”

“ನಿಮ್ಮಪ್ಪಗ ಕೊಡು.”

“ಅಪ್ಪ ಮುಂದ ಕುಂತಾನಲ್ಲವ್ವ. ಬಟನ್ ಒತ್ತು, ಮಾತಾಡು, ಬಿಡು. ಅಷ್ಟ.”

ಗಂಡನ ಹೆಸರೇನು? ಹಿಂದೊಮ್ಮೆ ಡೆಟ್ರಾಯಿಟಿನಲ್ಲಿ ಪೌರತ್ವದ ಸಂದರ್ಶನಕ್ಕೆ ಹೋದಾಗ ಮೇಜಿನ ಆಚೆ ಕುಳಿತ ಅಧಿಕಾರಿ ಕೇಳಿದ ಮೊದಲ ಪ್ರಶ್ನೆಯೇ ಅದು. ನೂರು ಪ್ರಶ್ನೆಗಳನ್ನು ಬಾಯಿಪಾಠ ಮಾಡಿಕೊಂಡು ಹೋಗಿದ್ದಳು, ಎಷ್ಟು ಸೆನೆಟರುಗಳು, ಯಾವ ಯುದ್ಧ ಯಾವ ವರ್ಷ ಎಲ್ಲ. ಇದು ಆ ನೂರರಲ್ಲಿ ಇರಲಿಲ್ಲ. “ಅವರು ಹೊರಗೆ ಕೂತಿದ್ದಾರೆ,” ಎಂದಳು ಇಂಗ್ಲಿಷಿನಲ್ಲಿ. ಇರಲಿ, ಹೆಸರೇನು ಎಂದ. ಎತ್ತರದವರು, ಕನ್ನಡಕ ಹಾಕಿಕೊಂಡಿದ್ದಾರೆ, ಎಂದಳು. ಅವನು ಪೆನ್ನು ಕೆಳಗಿಟ್ಟು, ನೀವು ನಿಜಕ್ಕೂ ಮದುವೆಯಾಗಿದ್ದೀರಾ ಮೇಡಂ, ಎಂದು ಮೆಲ್ಲಗೆ ಕೇಳಿದ. ಕಾಗದದ ಮೇಲೆ ಬರೆದು ತೋರಿಸಿದಳು. ಬರೆಯುವುದಕ್ಕೆ ದೋಷವಿಲ್ಲ, ಅದನ್ನು ಅವಳೇ ತೀರ್ಮಾನಿಸಿಕೊಂಡಿದ್ದಳು. ಹೊರಗೆ ಬಂದ ಮೇಲೆ ಕಾರಿನಲ್ಲಿ ನಿಂಗಪ್ಪನವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದರು, ಎಂಟು ಮೈಲಿಯುದ್ದಕ್ಕೂ. ಒಂದು ಎಕ್ಸಿಟ್ ತಪ್ಪಿತು ಕೂಡ. ಈಗ ಕೈಯಲ್ಲಿ ರೇಡಿಯೋ ಹಿಡಿದು ಗುಂಡಿ ಒತ್ತಿದ ಶಿವಲಿಂಗಮ್ಮ ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಹೇಳಿದಳು: “ಹಲೋ. ದಿಸ್ ಈಸ್... ಮೈ ಹಸ್ಬೆಂಡ್ಸ್ ಬೋಟ್.”

“ಗುಡ್ ಮಾರ್ನಿಂಗ್, ಮೈ ಹಸ್ಬೆಂಡ್ಸ್ ಬೋಟ್,” ಎಂದಿತು ರೇಡಿಯೋ, ಚೂರೂ ಅನುಮಾನವಿಲ್ಲದೆ.

ಹನ್ನೊಂದನೆಯ ಜಾಗ ಖಾಲಿಯಿದೆ ಬನ್ನಿ ಎಂದರು. ಮಗನಿಗೆ ಏನೂ ಕೇಳಿಸಿರಲಿಲ್ಲ. ಕೇಳಿಸಿಕೊಂಡಿದ್ದ ಸಿಯಾ ಹೊಟ್ಟೆ ಹಿಡಿದುಕೊಂಡು ಕುಸಿದಿದ್ದಳು. ಗೆದ್ದೆನೆಂದೇ ಶಿವಲಿಂಗಮ್ಮ ಅಂದುಕೊಂಡಳು. ಆದರೆ ದಕ್ಕೆಯಲ್ಲಿ ಹಗ್ಗ ಹಿಡಿಯಲು ಬಂದ ಹುಡುಗಿಯ ಕೈಯಲ್ಲೊಂದು ಪಟ್ಟಿ ಇತ್ತು. ಅವಳು ಪಟ್ಟಿ ನೋಡಿದಳು, ದೋಣಿಯ ಬೆನ್ನು ನೋಡಿದಳು, ಮತ್ತೆ ಪಟ್ಟಿ ನೋಡಿ, ನಿನ್‌ಗಾಪಾ ಎಂದರೆ ನಿಮ್ಮ ಭಾಷೆಯಲ್ಲಿ ‘ನನ್ನ ಗಂಡನ ದೋಣಿ’ ಅಂತಲೇ, ಎಂದು ಕುತೂಹಲದಿಂದ ಕೇಳಿದಳು. ಸುಶಾಂತ ಅವ್ವನ ಕಡೆ ತಿರುಗಿದ. “ಓ ಮೈ ಗಾಡ್, ಅವ್ವಾ!” ಎಂದು ಹಣೆ ಚಚ್ಚಿಕೊಂಡು ನಗತೊಡಗಿದ. ಮಾಳವಿಕಾ ಮುಖ ಆಚೆ ತಿರುಗಿಸಿಕೊಂಡರೂ ಭುಜ ಕುಣಿಯುತ್ತಿತ್ತು. ನಿಂಗಪ್ಪನವರೂ ನಕ್ಕರು. ಆದರೆ ಒಂದು ಕ್ಷಣ ತಡವಾಗಿ ನಕ್ಕರು. ಮಿಕ್ಕವರಿಗೆ ಆ ಕ್ಷಣ ಕಾಣಲಿಲ್ಲ, ನಲವತ್ತೊಂದು ವರ್ಷ ಜತೆಗಿದ್ದವಳಿಗೆ ಕಂಡಿತು. ಮಗ ಪ್ರೀತಿಯಿಂದ ಬರೆಸಿದ ಹೆಸರು, ಮೂರು ಸಲ ಗಾಳಿಯಲ್ಲಿ ಕೇಳಿಸಬೇಕಿದ್ದ ಹೆಸರು, ಅದನ್ನು ಅವಳು ಮುಚ್ಚಿಟ್ಟು ಬೇರೇನೋ ಹೇಳಿದ್ದಳು. ಕಟ್ಟಿದ ಹಗ್ಗ ಸರಿಯಾಗಿಲ್ಲವೆಂದು ಮಗ ಸೊಸೆ ಜಗಳಕ್ಕೆ ಬಿದ್ದು ಅಲ್ಲೇ ಉಳಿದರು. ನೀವು ಮೂವರೂ ಮುಂದೆ ನಡೀರಿ, ಹಿಂದೆಯೇ ಬರುತ್ತೇವೆ ಎಂದರು.

ಕ್ಯಾಸಲ್ ಎಂದರೆ ಶಿವಲಿಂಗಮ್ಮನ ಮನಸ್ಸಿನಲ್ಲಿದ್ದದ್ದು ಕೋಟೆ: ಕಂದಕ, ಬುರುಜು, ಶಾಲೆಯ ಟ್ರಿಪ್ಪಿನಲ್ಲಿ ವಿಜಯಪುರಕ್ಕೆ ಹೋದಾಗ ಹತ್ತಿ ಕೂತ ತೋಪು. ಇಲ್ಲಿ ಯುದ್ಧಗಿದ್ಧ ಏನೂ ನಡೆದಿರಲಿಲ್ಲ. ನೂರಾ ಮೂವತ್ತು ವರ್ಷದ ಹಿಂದೆ ಹೈರಮ್ ಎಂಬ ಮರದ ವ್ಯಾಪಾರಿ, ಸುತ್ತಲಿನ ಕಾಡನ್ನೆಲ್ಲ ಕಡಿದು ಮಾರಿದ ಮೇಲೆ, ಮರ ಸಾಕೆನಿಸಿತೋ ಏನೋ, ಮರಳ ದಿಬ್ಬದ ಮೇಲೆ ಬರಿ ಕಲ್ಲಿನಲ್ಲಿ ಕಟ್ಟಿಸಿದ ಮನೆ. ಮೂಲೆಗೊಂದು ದುಂಡನೆಯ ಗೋಪುರ. ಹಳೆಯ ಕಾಲದ ಉದ್ದ ಲಂಗ, ಬಿಳಿ ಏಪ್ರನ್ ತೊಟ್ಟ ಗೈಡ್ ಹೆಂಗಸು, ಈ ಮನೆಯಲ್ಲಿ ಹೈರಮ್ ತನ್ನ ಹೆಸರಿನ ಇನಿಶಿಯಲ್ಲಿನ ಎರಡಕ್ಷರವನ್ನು ಅರವತ್ತಮೂರು ಕಡೆ ಕೆತ್ತಿಸಿದ್ದಾನೆ, ಹುಡುಕಿ, ಎಂದಳು. ಸಿಯಾ ಎಣಿಸುತ್ತ ಓಡಿದಳು. ಒಲೆಗಲ್ಲಿನ ಮೇಲೆ, ಬಾಗಿಲ ಹಿಡಿಯ ಮೇಲೆ, ಊಟದ ಕುರ್ಚಿಯ ಬೆನ್ನಿಗೆ, ಸ್ನಾನದ ತೊಟ್ಟಿಯ ಅಂಚಿಗೆ ಸಹ. ಇಷ್ಟೊಂದು ಸಲ ತನ್ನ ಹೆಸರನ್ನು ತಾನೇ ಬರೆಸಿಕೊಳ್ಳಬೇಕಾದರೆ ಮನೆಯಲ್ಲಿ ಇವನನ್ನು ಯಾರೂ ಕರೆಯುತ್ತಿರಲಿಲ್ಲವೇನೋ, ಎನಿಸಿ ಶಿವಲಿಂಗಮ್ಮನಿಗೆ ಆ ಸತ್ತವನ ಬಗ್ಗೆ ನಗುವೂ ಕನಿಕರವೂ ಬಂತು. ಪಕ್ಕದಲ್ಲಿ ಕೈ ಹಿಂದೆ ಕಟ್ಟಿಕೊಂಡು ಛಾವಣಿ ನೋಡುತ್ತಿದ್ದ ತನ್ನವರತ್ತ ಕಣ್ಣು ಹೋಯಿತು. ಅಂಗಿಯ ಮೇಲಿನ ಗುಂಡಿ ಬಿಚ್ಚಿದ ಕಡೆ ಆಪರೇಷನ್ನಿನ ಗೀಟಿನ ತುದಿ ಕಾಣುತ್ತಿತ್ತು. ಎರಡು ವರ್ಷವಾಯಿತು, ಆನ್ ಆರ್ಬರಿನ ಆಸ್ಪತ್ರೆಯಲ್ಲಿ ಎದೆ ಸೀಳಿ ಹೊಲಿದಿದ್ದರು. ಎಲ್ಲ ಚೆನ್ನಾಗಾಗಿದೆ, ಇನ್ನೇನು ಎಚ್ಚರಾಗಬೇಕು, ಕರೆಯಿರಿ, ಪರಿಚಯದ ದನಿಗೆ ಬೇಗ ಓಗೊಡುತ್ತಾರೆ ಎಂದು ನರ್ಸ್ ಹೇಳಿದಳು. ಶಿವಲಿಂಗಮ್ಮ ಹಾಸಿಗೆಯ ಕಂಬಿ ಹಿಡಿದು “ರೀ” ಎಂದಳು. “ರೀ, ಇಲ್ಲಿ ನೋಡ್ರಿ.” ರೆಪ್ಪೆ ಅಲುಗಲಿಲ್ಲ. ಹೆಸರು ಹಿಡಿದು ಕರೆಯಿರಿ ಎಂದಳು ನರ್ಸ್. ಅದೊಂದು ಗಳಿಗೆಯಲ್ಲಿ, ಅದೂ ಇಂಥ ಎದೆ ಮುಂದಿರುವಾಗ, ಅವ್ವ ಹೇಳಿದ ಆಯುಷ್ಯದ ಮಾತು ನಾಲಿಗೆ ಏಳದಂತೆ ಅದರ ಮೇಲೆ ಕೂತುಬಿಟ್ಟಿತು. ಕೊನೆಗೆ ಆ ಮೂವತ್ತರ ಹುಡುಗಿಯೇ ಬಾಗಿ, “ನಿನ್‌ಗಾಪಾ! ನಿನ್‌ಗಾಪಾ!” ಎಂದಳು. ಇವರು ಫಟ್ಟನೆ ಕಣ್ಣು ಬಿಟ್ಟು ಅವಳ ಮುಖ ನೋಡಿ ನಕ್ಕರು. ಶಿವಲಿಂಗಮ್ಮ ದೇವರಿಗೆ ಕೈಮುಗಿದಳು, ನರ್ಸಿಗೆ ಕೈಮುಗಿದಳು, ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. ಬದುಕಿದ ಸಂತೋಷಕ್ಕೆ ಅತ್ತಳು ಎಂದು ಎಲ್ಲರೂ ತಿಳಿದರು. ಇವತ್ತಿಗೂ ಹಾಗೆಯೇ ತಿಳಿದಿದ್ದಾರೆ.

ಗೋಪುರಕ್ಕೆ ಎಪ್ಪತ್ತೆರಡು ಮೆಟ್ಟಿಲು. “ಡಾಕ್ಟರ್ ವಾಕಿಂಗ್ ಮಾಡು ಅಂದಾರ. ಮ್ಯಾಲ ಕೆಳಗ ಅಂತ ಏನರ ಅಂದಾರ?” ಎಂದು ನಿಂಗಪ್ಪನವರು ಮೊಮ್ಮಗಳ ಕೈಹಿಡಿದು ಹತ್ತಿಯೇಬಿಟ್ಟರು. ಮಂಡಿನೋವಿನ ಶಿವಲಿಂಗಮ್ಮ, “ಸಾವಕಾಶ ಹತ್ರಿ” ಎಂದು ಹಿಂದಿನಿಂದ ಕೂಗಿ, ಕೆಳಗಿನ ಅಡಿಗೆಮನೆಯಲ್ಲಿ ಉಳಿದಳು. ತಾಮ್ರದ ಪಾತ್ರೆ, ಎಮ್ಮೆಯಷ್ಟು ದೊಡ್ಡ ಕಪ್ಪು ಒಲೆ, ಹಗ್ಗ ಕಟ್ಟಿ ಯಾರೂ ಕೂರದಂತೆ ಮಾಡಿದ ಬೆಂಚು. ಗೋಡೆಯಲ್ಲಿ ಹಿತ್ತಾಳೆಯ ಮುಚ್ಚಳವಿದ್ದ ಕೊಳವೆಯ ಬಾಯಿಯೊಂದಿತ್ತು. ಫೋನಿಲ್ಲದ ಕಾಲದಲ್ಲಿ ಇದರಲ್ಲೇ ಮಾತು, ಗೋಪುರದ ಮೇಲೆ ಇದರ ಇನ್ನೊಂದು ಬಾಯಿ ಇದೆ, ನಿಮ್ಮವರು ಮೇಲಿದ್ದರೆ ಕರೆದು ನೋಡಿ, ಎಂದಳು ಗೈಡ್. ಶಿವಲಿಂಗಮ್ಮ ಗಡಿಯಾರ ನೋಡಿದಳು. ಹತ್ತು ನಿಮಿಷವಾಗಿತ್ತು. ಎಪ್ಪತ್ತೆರಡು ಮೆಟ್ಟಿಲಿಗೆ ಹತ್ತು ನಿಮಿಷ ಬೇಕೆ? ಮುಚ್ಚಳ ತೆಗೆದು, ತುಟಿ ಹತ್ತಿರ ತಂದು, “ರೀ,” ಎಂದಳು.

“ಹೇಳೇ,” ಎಂದಿತು ಕೊಳವೆ ತಕ್ಷಣ. “ವಾಶ್‌ರೂಮ್ ಸಿಕ್ತಾ? ನಾನ್ ಹೇಳಿರ್ಲಿಲ್ವಾ ಎಡಗಡೆ ಅಂತ? ನೀನೆಲ್ಲಿ ಕೇಳ್ತೀಯ ನನ್ ಮಾತು!”

ಶಿವಲಿಂಗಮ್ಮ ಕೊಳವೆಯಿಂದ ಹಿಂದೆ ಸರಿದಳು. ಹೈರಮನಿಗೆ ಕನ್ನಡ ಬರುತ್ತಿರಲಾರದು. “ಯಾರ್ರೀ ನೀವು?” ಎಂದಳು. ಮೇಲಿನ ದನಿ ತಡವರಿಸಿತು. “ಅಯ್ಯಯ್ಯೋ. ನೀವು... ಭಾನು ಅಲ್ವಾ? ಸಾರಿ ಆಂಟಿ, ಸಾರಿ ಸಾರಿ. ನಾನು ರವಿ ಅಂತ, ಆನ್ ಆರ್ಬರಿಂದ ಬಂದಿದೀವಿ. ‘ರೀ’ ಅಂದ್ರಲ್ಲ, ನನ್ ವೈಫೇ ಅಂದ್ಕೊಂಡೆ.” ದನಿಯಲ್ಲೇ ಮುಖ ಕೆಂಪಾಗಿದ್ದು ತಿಳಿಯುತ್ತಿತ್ತು. ಶಿವಲಿಂಗಮ್ಮನಿಗೆ ನಗು ಒತ್ತರಿಸಿ ಬಂತು. ಹೌದಲ್ಲ, ರೀ ಎಂದರೆ ಇವನೂ ರೀ, ಅವನೂ ರೀ. ಕರ್ನಾಟಕದ ಅರ್ಧಕ್ಕರ್ಧ ಗಂಡಸರು ಆ ಒಂದಕ್ಷರಕ್ಕೆ ತಿರುಗಿ ನೋಡುತ್ತಾರೆ. ನಲವತ್ತೊಂದು ವರ್ಷ ತಾನು ಕರೆದದ್ದು ಇವರನ್ನೇ ಎಂದುಕೊಂಡಿದ್ದಳು.

“ಅಂಕಲ್ ಹೆಸರು ಹೇಳಿ ಆಂಟಿ,” ಎಂದ ರವಿ ಉಪಕಾರ ಮಾಡುವ ಹುರುಪಿನಲ್ಲಿ. “ಇಲ್ಲಿ ಆರೇಳು ಜನ ಇದಾರೆ. ನಾನು ಕೂಗ್ತೀನಿ, ಬರ್ತಾರೆ.”

ಕೂಗುತ್ತಾನೆ. ಇವನು ಕೂಗುತ್ತಾನೆ, ಅವರು ತಿರುಗಿ ಇವನ ಮುಖ ನೋಡಿ ನಗುತ್ತಾರೆ. ಇನ್ನೊಮ್ಮೆ ಬೇರೆಯವರ ಬಾಯಿಂದ. “ಬ್ಯಾಡ,” ಎಂದಳು ಶಿವಲಿಂಗಮ್ಮ, ಅವಳಿಗೇ ಅಚ್ಚರಿಯಾಗುವಷ್ಟು ಜೋರಾಗಿ. “ನೀವು ಸ್ವಲ್ಪ ಆಚೆ ಸರೀರಿ. ನಾನ ಕರೀತೀನಿ.” ಹಿತ್ತಾಳೆಯ ಬಾಯಿಯ ಸುತ್ತ ಎರಡೂ ಅಂಗೈ ಮರೆಮಾಡಿ ಹಿಡಿದಳು. ಪ್ರಾಸಕ್ಕಾಗಿ ಮನಸ್ಸು ತಡಕಾಡಿತು. ಊರಿನವರಿಗೆಲ್ಲ ಒಡಪು ಕಟ್ಟಿಕೊಟ್ಟವಳು ಅವಳು. ಮಾಳವಿಕಾಳ ಸೀಮಂತಕ್ಕೆ ಅವರೂರ ಹೈವೇಯ ನಂಬರು ಸೇರಿಸಿ ‘ತ್ರೀ ಫಿಫ್ಟಿಫೈವಿನ ಮ್ಯಾಲ ಟೋಲಿನ ಗೇಟು, ಸುಶಾಂತನ ಕೈ ಹಿಡದೀನಿ, ಆಗಿಲ್ಲ ಲೇಟು’ ಎಂದು ಕಟ್ಟಿಕೊಟ್ಟು ವುಡ್‌ರಿಡ್ಜನ್ನೆಲ್ಲ ನಗಿಸಿದ್ದಳು. ಈಗ ಗೋಪುರ, ನೀರು, ದೋಣಿ, ಗಾಳಿ, ಒಂದಕ್ಕೂ ಜೋಡಿ ಸಿಗಲಿಲ್ಲ. ಸಿಗದಿದ್ದದ್ದು ಒಳ್ಳೆಯದೇ ಆಯಿತು. ಅವ್ವನ ಮಾತು ನೆನಪಾಯಿತು, ಅದರ ಭಯವೂ ಇದ್ದೇ ಇತ್ತು. ಭಯವನ್ನು ಪಕ್ಕಕ್ಕೆ ಸರಿಸಲಿಲ್ಲ, ಅದು ಇದ್ದ ಹಾಗೆಯೇ ಬಾಯಿ ತೆರೆದಳು.

“ನಿಂಗಪ್ಪಾ!”

ಕಲ್ಲಿನ ಅಡಿಗೆಮನೆಯಲ್ಲಿ ತಾಮ್ರದ ಪಾತ್ರೆಗಳು ಗುಂಯ್ ಎಂದವು. ಆಮೇಲೆ ಹೆಜ್ಜೆಯ ಸದ್ದು. ನಡೆಯುವ ಹೆಜ್ಜೆಯಲ್ಲ, ಮೆಟ್ಟಿಲಿಳಿದು ದಡದಡ ಓಡಿಬರುವ ಹೆಜ್ಜೆ. ಅದರ ಹಿಂದೆ ಸಿಯಾಳ ಕಿರುಚು, “ಅಜ್ಜ, ವೇಯ್ಟ್! ಅಜ್ಜ, ನೋ ರನ್ನಿಂಗ್!” ಶಿವಲಿಂಗಮ್ಮ ಬಾಗಿಲಿಗೆ ಧಾವಿಸುವಷ್ಟರಲ್ಲಿ ನಿಂಗಪ್ಪನವರು ಎದುರಿಗಿದ್ದರು. ಮುಖ ಬಿಳಿಚಿತ್ತು, ಕನ್ನಡಕ ವಾರೆಯಾಗಿತ್ತು, ಒಂದು ಕೈ ಗೋಡೆಯ ಮೇಲೆ, ಒಂದು ಕೈ ಎದೆಯ ಮೇಲೆ.

“ಏನಾತು? ಯಾರಿಗೇನಾತು? ಸುಶಾಂತ ಎಲ್ಲಿ?”

“ಏನೂ ಆಗಿಲ್ರಿ. ಎಲ್ಲಾರೂ ಆರಾಮದಾರ.”

“ಮತ್ತ ಹೆಸರು ಹಿಡದು ಕರದಿ?”

“ಕರದೆ.”

“ಯಾಕ?”

ಯಾರೋ ಸತ್ತಿರಬೇಕು, ಮನೆ ಬಿದ್ದಿರಬೇಕು, ದೋಣಿ ಮುಳುಗಿರಬೇಕು, ಇಲ್ಲದಿದ್ದರೆ ಇವಳ ಬಾಯಲ್ಲಿ ಆ ಮಾತು ಬರುವುದಿಲ್ಲ ಎಂದು ಎಪ್ಪತ್ತೆರಡು ಮೆಟ್ಟಿಲು ಹಾರಿಕೊಂಡು ಬಂದಿದ್ದರು ಆ ಹೊಲಿದ ಎದೆಯಲ್ಲಿ. ಶಿವಲಿಂಗಮ್ಮ ಅವರ ತೋಳು ಹಿಡಿದು, ಹಗ್ಗ ಎತ್ತಿ, ಯಾರೂ ಕೂರಬಾರದ ಬೆಂಚಿನ ಮೇಲೆ ಕೂರಿಸಿದಳು. ಕಾಲರ್ ಸಡಿಲಿಸಿದಳು. ಅಂಗೈಯನ್ನು ಅವರ ಎದೆಗಿಟ್ಟಳು. ಡಬಡಬ ಎನ್ನುತ್ತಿತ್ತು. ಅವ್ವಾ, ನಿನ್ನ ಮಾತು ನಿನ್ನ ಹತ್ತಿರವೇ ಇರಲಿ, ಎಂದು ಎಂದೋ ಸತ್ತ ತಾಯಿಗೆ ಹೇಳಿದಳು, ಬೈದಳೆಂದೇ ಅನ್ನಬೇಕು. ಸಿಯಾ ಅಜ್ಜನ ಮಂಡಿ ಹಿಡಿದು ಕೂತಳು. ಕೊಳವೆಯಿಂದ ರವಿಯ ದನಿ, “ಆಂಟಿ, ಅಂಕಲ್ ಸಿಕ್ಕಿದ್ರಾ?” ಎಂದು ಕೇಳುತ್ತಿತ್ತು. ಅಂಗೈ ಕೆಳಗೆ ಬಡಿತ ನಿಧಾನಕ್ಕೆ ಹದಕ್ಕೆ ಬಂತು. ಮುಖಕ್ಕೆ ಬಣ್ಣ ಮರಳಿತು. ನಿಂಗಪ್ಪನವರು ಕನ್ನಡಕ ಸರಿಮಾಡಿಕೊಂಡು ಹೆಂಡತಿಯನ್ನು ನೋಡಿದರು, ಹೊಸದಾಗಿ ಗುರುತು ಹಿಡಿಯುವವರಂತೆ.

“ನಲವತ್ತೊಂದು ವರ್ಷ ಆದಮ್ಯಾಲ ಕರದಿ,” ಎಂದರು. “ಅದೂ ಪೈಪಿನ್ಯಾಗ.”

“ಓಡಿ ಬರ್ರಿ ಅಂದಿದ್ದೆನೇನು ನಾ?” ಎಂದು ಅವಳು ಗದರಿದಳು. ಗದರುವಾಗಲೇ ಕಣ್ಣು ತುಂಬಿ ಬಂತು, ನಗುವೂ ಬಂತು, ಎರಡನ್ನೂ ಸೆರಗಿಲ್ಲದ ಶರ್ಟಿನ ತೋಳಿಗೆ ಒರೆಸಿಕೊಂಡಳು.

ಗೈಡ್ ಏಪ್ರನ್ ಎತ್ತಿ ಹಿಡಿದುಕೊಂಡು ಗಾಜಿನ ಲೋಟದಲ್ಲಿ ನೀರು ತಂದಳು. ಬೆಂಚಿನ ವಿಚಾರ ಎತ್ತಲಿಲ್ಲ. ಲೋಟ ಕೊಟ್ಟು, ಬಾಗಿ ಮುಖ ನೋಡಿ, ಈಗ ಹೇಗಿದ್ದೀರಿ ಎಂದು ವಿಚಾರಿಸಿ, ನಿಮ್ಮ ಹೆಸರೇನು ಎಂದು ಕೇಳಿದಳು. ನಿಂಗಪ್ಪನವರು ಹೇಳಲು ಬಾಯಿ ತೆರೆದರು. ತೆರೆದವರು ಏನೋ ಯೋಚಿಸಿ ಮುಚ್ಚಿಕೊಂಡರು. ಒಂದು ಗುಟುಕು ನೀರು ಕುಡಿದು, ಲೋಟವನ್ನು ತೊಡೆಯ ಮೇಲಿಟ್ಟುಕೊಂಡು, ಹೆಂಡತಿಯ ಕಡೆ ನೋಡಿದರು. ಗೈಡೂ ಅವಳ ಕಡೆ ತಿರುಗಿದಳು. ಶಿವಲಿಂಗಮ್ಮ ಅವರ ಎದೆಯ ಮೇಲಿದ್ದ ಕೈ ತೆಗೆಯಲಿಲ್ಲ.

“ನಿಂಗಪ್ಪ,” ಎಂದಳು. ಗೈಡಿಗಲ್ಲ, ಅವರಿಗೆ.

“ಓ,” ಎಂದರು ಅವರು.